ಅಕ್ಕೋರ ಕಾಲುಚೀಲ

ಎಪ್ಪತ್ತರ ದಶಕದ ರಾಮದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಓಣಿಗೆಲ್ಲ ಅವರು ಅಕ್ಕೋರು. ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದ್ದ ಮಗ ಪ್ರತಿ ಕ್ರಿಸ್‌ಮಸ್ಸಿಗೆ ಬರುವಾಗ ಹಬ್ಬದ ಉಡುಗೊರೆಗೆಂದೇ ಇರುವ ಕೆಂಪು ಕಾಲುಚೀಲವೊಂದರ ತುಂಬ ಅಗ್ಗದ ಸಾಮಾನು ತರುತ್ತಿದ್ದ: ಬಾಚಣಿಕೆ, ಕರವಸ್ತ್ರ, ಪೆಪ್ಪರಮಿಂಟು, ನೋವಿನ ಮುಲಾಮು.

“ನನಗ್ಯಾಕ ಬೇಕಾಗಿತ್ತು ಇದೆಲ್ಲಾ?” ಎಂದು ಅಕ್ಕೋರು ಸಿಡುಕುವರು. ಆ ಸಿಡುಕು ಒಂದೇ ಮನೆಯಲ್ಲಿ ಮುಗಿಯುವಂಥದ್ದಲ್ಲ. ಮರುದಿನ ಇಸ್ತ್ರಿ ಸೀರೆ ಉಟ್ಟು, ಕಾಲುಚೀಲ ಹಿಡಿದು ಮನೆಮನೆಗೆ ಹೋಗಿ, ಒಂದೊಂದೇ ಸಾಮಾನು ಹೊರತೆಗೆದು ದೂರುವರು. “ನೋಡ್ರಿ, ಬ್ಯಾಡ ಅಂದ್ರೂ ಕೇಳಂಗಿಲ್ಲ. ಸುಮ್ನ ರೊಕ್ಕಾ ಹಾಳ!” ಮುಲಾಮಿನ ಮುಚ್ಚಳ ತೆಗೆದು ಎಲ್ಲರಿಗೂ ಮೂಸಲು ಕೊಡುವರು. ಹಚ್ಚಿಕೊಳ್ಳಲು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಒಂದು ವರ್ಷ ಹಬ್ಬಕ್ಕೆ ಬಂದ ಮಗ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ನಮ್ಮ ತಾಯಿಗೆ ಹೆಮ್ಮೆಯಿಂದ ಹೇಳಿದ: “ಈ ಸಲ ಅವ್ವನ ಮಾತು ಕೇಳೇನ್ರಿ ಕಾಕೂ. ಏನೂ ತಂದಿಲ್ಲ.” ಅಂದೇ ಸಂಜೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋದ.

ಮರುದಿನ ಅಕ್ಕೋರು ಬಂದರು. ಅದೇ ಇಸ್ತ್ರಿ ಸೀರೆ. ಕೈಯಲ್ಲಿ ಹೋದ ವರ್ಷದ ಕೆಂಪು ಕಾಲುಚೀಲ, ಬಾಯಿತನಕ ತುಂಬಿತ್ತು. ನಮ್ಮೂರಿನ ಬಳೆ ಅಂಗಡಿಯಲ್ಲಿ ತೂಗುಹಾಕಿರುತ್ತಿದ್ದಂಥ ಹಸಿರು ಬಾಚಣಿಕೆಯೊಂದನ್ನು ಅದರಿಂದ ಎಳೆದು ತೋರಿಸಿದರು.

“ನೋಡ್ರಿ, ಈ ಸಲಾನೂ ನನ್ನ ಮಗಾ ಕೇಳಲಿಲ್ಲ.”

ನಮ್ಮ ತಾಯಿ ಬಾಚಣಿಕೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

“ಈಗಿನ ಹುಡುಗ್ರು ಎಲ್ಲಿ ಮಾತು ಕೇಳತಾರ್ರಿ, ಅಕ್ಕೋರ?” ಎಂದಳು. “ಎಲ್ಲೈತಿ, ಆ ಮುಲಾಮು ತಗೀರಿ. ಮೂಸಿ ನೋಡೂಣು.”