ಮಾವ ಮುಚ್ಚಿಟ್ಟ ಬೋರು

ಕಳೆದ ವಾರ ಕೊಪ್ಪಳದ ನಮ್ಮ ಮನೆಯ ಹಿತ್ತಲಲ್ಲಿ ಬೋರು ಕೊರೆಸಿದೆವು. ಪುಣ್ಯಕ್ಕೆ ನೀರು ಬಿತ್ತು. ಸಿಮೆಂಟಿನ ನೆಲದ ಮೇಲೆ ಹರಡಿದ ಬೂದುಗೆಸರಿನಲ್ಲಿ ನವಿಲುಗರಿಯ ಬಣ್ಣದ ಎಣ್ಣೆಪೊರೆಯೊಂದು ತೇಲುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಿರುಗಿ ಮಾವನ ಮುಖ ನೋಡಿದೆ. ಅವರು ತಲೆತಗ್ಗಿಸಿ ನಿಂತಿದ್ದರು.

ನಮ್ಮ ಕಡೆ ಅಕ್ಕನ ಗಂಡನೂ ಮಾವನೇ. ಇವರದು ಕುಷ್ಟಗಿ ಹತ್ತಿರದ ಹಳ್ಳಿ. ಒಕ್ಕಲುತನಕ್ಕೆ ಇಳಿಯುವ ಮೊದಲು ಟ್ಯಾಂಕರ್ ಓಡಿಸುತ್ತಿದ್ದರು. ಗಿಣಿಗೇರಾದ ಕಾರ್ಖಾನೆಗಳಿಗೆ ಎಣ್ಣೆ ಸಾಗಿಸಿದ ಕೈ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಹನಿ ತಿಕ್ಕಿ, ಮೂಸಿ, "ಇದರಾಗ ಸೀಮೆಎಣ್ಣಿ ಕೂಡಿಸ್ಯಾರ" ಅಂದರೆ ಕೂಡಿಸಿದ್ದೇ ಸೈ. ನನ್ನ ಮದುವೆಯ ಊಟದಲ್ಲಿ ಕೂಡ ಬದನೆಕಾಯಿ ಪಲ್ಲೆ ಮೂಸಿ, ಅಡುಗೆಯವನನ್ನು ಕರೆಸಿ, ಎಣ್ಣೆ ಹಳೆಯದೆಂದು ಒಪ್ಪಿಸಿದ ಮನುಷ್ಯ! ಆ ಮೂಗಿನ ಮೇಲೆ ಅವರಿಗಿದ್ದ ಅಭಿಮಾನ ನಿಮಗೆ ಹೇಗೆ ತಿಳಿಸಲಿ?

ಅಕ್ಕನಿಗೆ ದಾಳಿಂಬೆಯ ಹುಚ್ಚು. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಕುಷ್ಟಗಿ ಸುತ್ತಲಿನ ತೋಟಗಳನ್ನು ಕಂಡು ಆಸೆಪಟ್ಟು ತಾನೂ ಒಂದಿಷ್ಟು ಸಸಿ ನೆಟ್ಟಿದ್ದಳು. ಮಗ್ಗುಲ ಹೊಲದವರ ತೊಟ್ಟಿಯಿಂದ ಕೊಡ ಹೊತ್ತು ನೀರುಣಿಸುತ್ತಿದ್ದಳು. ಒಂದು ಬೋರು ಬಿದ್ದರೆ ಸಾಕು, ಸಸಿ ಬದುಕಿಕೊಳ್ಳುತ್ತವೆ ಎಂಬುದೊಂದೇ ಅವಳ ಜಪ.

ಕೊನೆಗೆ ಮಾವ ಹೊಲದಲ್ಲಿ ಬೋರು ಕೊರೆಸಿದರು, ನೀರು ಬಿತ್ತು. ಹೊಸ ನೀರಿಗೆ ಗಂಗವ್ವನ ಪೂಜೆ ಆಗದೆ ಯಾರೂ ಕೈಯಿಡುವಂತಿಲ್ಲ. ಅಕ್ಕ ಮನೆಗೆ ಓಡಿ ಅರಿಸಿನ, ಕುಂಕುಮ, ಹಸಿರು ಬಳೆ, ಕುಬಸದ ಖಣ ಇಟ್ಟ ತಾಟು ತಂದಳು. ಅಷ್ಟರಲ್ಲಿ ಮಾವ ಕೆಸರಿನಲ್ಲಿ ಮಂಡಿಯೂರಿ ಬೆರಳು ತಿಕ್ಕುತ್ತಿದ್ದರು.

"ಪೂಜಿ ನಿಲ್ಲಸು. ಇದು ನೀರಲ್ಲ."

"ನೀರಲ್ಲದ ಮತ್ತೇನ್ರಿ?"

"ಎಣ್ಣಿ! ಭೂಮಿತಾಯಿ ಎಣ್ಣಿ ಕೊಟ್ಟಾಳ. ನನ್ನ ಮೂಗು ಎಂದರ ಸುಳ್ಳು ಹೇಳೇತೇನು?"

ಎಣ್ಣೆ ಹಾರಿಹೋಗಬಾರದೆಂದು ಬೋರಿನ ಬಾಯಿಗೆ ತಗಡು ಬಡಿದರು, ಮೇಲೆ ಕಲ್ಲು ಹೇರಿದರು, ಸುತ್ತ ಜಾಲಿಮುಳ್ಳು ಒಟ್ಟಿದರು. ಒಂದು ಬಾಟಲಿ ತುಂಬಿ ನನ್ನ ಕೈಗೆ ಕೊಟ್ಟು, ಗಿಣಿಗೇರಾದ ಕಾರ್ಖಾನೆಯೊಂದರ ಲ್ಯಾಬಿಗೆ ಕಳಿಸಿದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ನೆಲದಡಿ ಬರೀ ಕಗ್ಗಲ್ಲು, ಅಂಥಲ್ಲಿ ಎಣ್ಣೆ ಸಿಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದವನೇ. ಆದರೂ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಅರಬ್ ಶೇಖರಂತೆ ಉದ್ದನೆಯ ಬಿಳಿ ನಿಲುವಂಗಿ ತೊಟ್ಟು ನಿಂತ ಮಾವನನ್ನೂ, ಅವರ ಪಕ್ಕದಲ್ಲಿ ಕಾರಿನ ಕೀಲಿ ತಿರುಗಿಸುತ್ತ ನಿಂತ ನನ್ನನ್ನೂ ಕಂಡೆ. ಆಸೆಗೆ ಪುಸ್ತಕದ ಹಂಗೆಲ್ಲಿ!

ಲ್ಯಾಬಿನಲ್ಲಿದ್ದವರು ಮಾವನ ಹಳೆಯ ಪರಿಚಯದ ನಜೀರ್ ಸಾಹೇಬರು. ಟ್ಯಾಂಕರಿನಲ್ಲಿ ಬರುವ ಎಣ್ಣೆಯ ಗುಣ ನೋಡಿ ಒಳಗೆ ಬಿಡುವುದು ಅವರ ಕೆಲಸ. ಎಣ್ಣೆ ಬೇರ್ಪಡಿಸಿ, ಕಾಸಿ, ತೂಗಿ ನೋಡಿ, ನನ್ನೆದುರು ಕುಳಿತರು.

"ತಮ್ಮಾ, ನಿಮ್ಮ ಮಾವನ ಮೂಗು ಖರೇನ ಹೇಳೇತಿ. ಎಣ್ಣಿ ಹೌದು. ಆದರ ನೆಲದ್ದಲ್ಲ. ನೆಲದ ಎಣ್ಣಿ ಕಾಸಿದ್ರ ಹಗರದ್ದು ಮೊದಲ, ಭಾರದ್ದು ಆಮ್ಯಾಲೆ, ಹಿಂಗ ಬ್ಯಾರೆ ಬ್ಯಾರೆ ಹೊಂಡತೈತಿ. ಇದು ಒಂದ ನಮೂನಿ ಐತಿ. ಬೋರ್ ಗಾಡಿಯವ್ರು ಕೊರೆಯೂ ಸುತ್ತಿಗಿಗೆ ಹಾಕಿದ ಎಣ್ಣಿ, ನೀರಿನ ಕೂಡ ಮ್ಯಾಲೆ ಬಂದೈತಿ. ಮೋಟರ್ ಇಳಿಸಿ ನೀರು ಹರಿಬಿಡ್ರಿ, ಹೋಗಿಬಿಡ್ತೈತಿ."

ಊರಿಗೆ ಬಂದು ಹೇಳಿದರೆ ಮಾವ ನಕ್ಕುಬಿಟ್ಟರು. "ಸಾಹೇಬ್ರು ಭಾಳ ಹುಷಾರ್ ಅದಾರ. ಸುದ್ದಿ ಮುಚ್ಚಿಡಾಕತ್ಯಾರ."

"ಒಂದ ದಿನ ಮೋಟರ್ ಹಚ್ಚಿ ನೋಡ್ರಿ. ಸಸಿ ಬಾಡಾಕತ್ತಾವ," ಎಂದಳು ಅಕ್ಕ.

"ಹರಿದು ಹೋದ್ರ ನಾಳೆ ದೊಡ್ಡ ಸಾಹೇಬ್ರು ಬಂದಾಗ ಏನು ತೋರಸ್ಲಿ?"

ಯಾವ ದೊಡ್ಡ ಸಾಹೇಬರೂ ಬರಲಿಲ್ಲ. ಮಾವ ಕಚೇರಿಯಿಂದ ಕಚೇರಿಗೆ ಅಲೆದರು, ಬಾಟಲಿ ತೋರಿಸಿದರು, ನಗೆಪಾಟಲಾಗಿ ಬಂದರು. ಬೇಸಿಗೆಗೆ ಮಗ್ಗುಲ ಹೊಲದ ತೊಟ್ಟಿಯೂ ಬತ್ತಿತು. ದಾಳಿಂಬೆಯ ಎಲೆಗಳು ತುದಿಯಿಂದ ಒಣಗುತ್ತ ಬಂದು ಉದುರಿದವು. ಅಕ್ಕ ಬರಿಗೊಡ ಬೋರಲು ಹಾಕಿ ಕುಳಿತಳು. ಅವಳ ಕಾಲಡಿಯಲ್ಲೇ ನೀರಿತ್ತಲ್ಲ, ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಮುಂಗಾರು ಶುರುವಾದ ಮೇಲೆ ಮಾವ ಬೇಸತ್ತು ಕಲ್ಲು ಸರಿಸಿ ಮೋಟರ್ ಇಳಿಸಿದರು. ಮೊದಲು ಅದೇ ವಾಸನೆ. ಸಂಜೆಯ ಹೊತ್ತಿಗೆ ಎಳನೀರಿನಂಥ ನೀರು. ಮಾವ ಒದ್ದೆ ಕೈ ಹಾಗೇ ಹಿಡಿದುಕೊಂಡು ನಿಂತರು. ಅಕ್ಕನ ಕಡೆ ತಿರುಗಿ, "ತಾಟು ತೊಗೊಂಡು ಬಾ, ಪೂಜಿ ಮಾಡು," ಎಂದರು.

"ಯಾವ ಗಿಡಕ್ಕ ಹಾಕಾಕ್ರಿ ಈ ನೀರು?" ಎಂದು ಅಕ್ಕ ಒಳಗೆ ಹೋದಳು.

ಅಷ್ಟೇ. ಬೈದಿದ್ದರೆ, ಅತ್ತಿದ್ದರೆ ಚೆನ್ನಾಗಿತ್ತು. ಆ ನೀರಿನಲ್ಲಿ ಶೇಂಗಾ ಬೆಳೆದರು, ಅಕ್ಕನೂ ಅದನ್ನೇ ಕುಡಿದಳು. ಆದರೆ ಪೂಜೆ ಮಾಡಲಿಲ್ಲ, ಮತ್ತೆಂದೂ ಸಸಿ ನೆಡಲಿಲ್ಲ. ಹೋದ ವರ್ಷ ತೀರಿಕೊಂಡಳು.

ನಮ್ಮ ಹಿತ್ತಲ ಬೋರು ನೋಡಲೆಂದೇ ಮಾವ ಕುಷ್ಟಗಿಯಿಂದ ಬಸ್ಸು ಹತ್ತಿ ಬಂದಿದ್ದರು. ಮೋಟರ್ ಇಳಿಸಿ, ತಿಳಿಯಾಗುವ ತನಕ ನೀರು ಹರಿಬಿಟ್ಟೆವು. ನನ್ನ ಹೆಂಡತಿ ತಾಟು ತಂದಾಗ ಮಾವ ಮುಂದೆ ಬಂದರು.

"ಯವ್ವಾ, ಆ ತಾಟು ಇಷ್ಟು ನನ್ನ ಕೈಯಾಗ ಕೊಡ್ತಿಯೇನವಾ?"

ಅದು ಹೆಂಗಸರ ಪೂಜೆ. ಅವಳು ನನ್ನ ಮುಖ ನೋಡಿ, ಕೊಟ್ಟಳು. ಮಾವ ಪೈಪಿಗೆ ಅರಿಸಿನ ಕುಂಕುಮ ಹಚ್ಚಿ, ಖಣ ಏರಿಸಿ, ಬೊಗಸೆಯಲ್ಲಿ ನೀರು ಹಿಡಿದು ಮೂಸಿದರು.

"ಏನೂ ವಾಸನಿ ಇಲ್ಲ ತಮ್ಮಾ. ಅವತ್ತೂ ಒಂದ ದಿನ ಹರಿಬಿಟ್ಟಿದ್ರ..."

ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಮಾವ ತುಂಬಿದ ಬೊಗಸೆ ಹಿಡಿದು ಹಿತ್ತಲ ತುಂಬ ಕಣ್ಣಾಡಿಸಿದರು.

"ಇಲ್ಲಿ ಒಂದೂ ಗಿಡ ಇಲ್ಲೇನು?"

ಗೋಡೆಯಿಂದ ಗೋಡೆಗೆ ಸಿಮೆಂಟು ಹಾಕಿಸಿದವನು ನಾನೇ. "ಇಲ್ಲ ಮಾವ," ಎಂದೆ. ಅವರ ಬೆರಳ ಸಂದಿಯಿಂದ ನೀರು ಸೋರುತ್ತಲೇ ಇತ್ತು.