ಗೋಡೆಗೆ ಎರಡು ತಟ್ಟು

ಗಂಡ ಹೆಂಡತಿ ಒಂದೇ ಕಡೆ ಕೆಲಸಕ್ಕಿರಬಾರದು ಎಂದು ಬುದ್ಧಿ ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ. ಗಾಡಿಯಮ್ಮನಿಗೂ ಹೇಳಿದ್ದರು. ಆಕೆ ಆಂಬುಲೆನ್ಸಿನ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂರುವ ನರ್ಸು, ಗಂಡ ಮುಂದೆ ಕೂತು ಓಡಿಸುವ ಡ್ರೈವರು. ನಡುವೆ ಒಂದು ತಗಡಿನ ಗೋಡೆ. ಆ ಗೋಡೆ ಇದ್ದದ್ದಕ್ಕೇ ಸಂಸಾರ ಉಳಿಯಿತು ಎಂದು ಇಬ್ಬರೂ ನಂಬಿದ್ದರು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೆ.

ಸೈರನ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ಗೋಡೆಯೇ ಬಾಯಿ. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು, ಒಂದೇ ಸಮ ಬಡಿದರೆ ರೋಗಿಗೆ ಜಾಸ್ತಿಯಾಗಿದೆ, ಹಿಂದೆ ಮುಂದೆ ನೋಡದೆ ಓಡಿಸು. ಮನೆಯಲ್ಲಿ ಹೆಂಡತಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮಹಾರಾಯ, ಗಾಡಿಯಲ್ಲಿ ಗೋಡೆ ಹೇಳಿದ್ದನ್ನು ಒಂದು ದಿನವೂ ಮೀರಿದವನಲ್ಲ.

ಈ ಇಬ್ಬರಿಗೆ ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಅವಳಿಗೆ ನಗು ಎಂಬುದು ಒಂದು ಕಾಯಿಲೆ. ಮೊದಲು ಮೂಗಿನಲ್ಲಿ ಸಣ್ಣಗೆ ಶುರುವಾಗಿ, ಭುಜಕ್ಕಿಳಿದು, ಹೊಟ್ಟೆ ಹಿಡಿಸಿ, ಕೊನೆಗೆ ಅವಳನ್ನು ಗೋಡೆಗೆ ಒರಗಿಸಿ ನೆಲಕ್ಕೆ ಕೂರಿಸಿ ಬಿಕ್ಕಳಿಕೆಯಲ್ಲಿ ಮುಗಿಯುತ್ತದೆ. ಹಿಂದೆ ಒಮ್ಮೆ ಅವಳನ್ನು ನೋಡಲು ಬಂದಿದ್ದ ಆಫೀಸರ್ ಹುಡುಗ, ಕುರ್ಚಿಯ ಕಾಲು ಮುರಿದು ತಟ್ಟೆ ಸಮೇತ ಕೆಳಗೆ ಕೂತ. ಮಗಳು ನಕ್ಕಳು. ಹೋದವನು ಹೇಳಿ ಕಳಿಸಿದ: ಹುಡುಗಿಗೆ ಗಾಂಭೀರ್ಯ ಸಾಲದು. ಅವನ ಗಾಂಭೀರ್ಯಕ್ಕಿಷ್ಟು ಬೆಂಕಿ ಹಾಕ. ಅದಾದ ಮೇಲೆ ಎಷ್ಟೋ ತಿಂಗಳು ಮಗಳು ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ ನಗುತ್ತಿದ್ದಳು. ಮನೆ ಬಿಕೋ ಎನ್ನುತ್ತಿತ್ತು. ಆಗ ಗಾಡಿಯಮ್ಮ ನಿಶ್ಚಯ ಮಾಡಿಕೊಂಡಳು. ಬಡವನಾದರೂ ಸರಿ, ಬೋಳನಾದರೂ ಸರಿ, ಮಗಳ ನಗು ಮುಚ್ಚಿಸುವ ಅಳಿಯ ಮಾತ್ರ ಬೇಡ.

ಈಗ ಮಗಳೇ ಒಬ್ಬನನ್ನು ಆರಿಸಿಕೊಂಡಿದ್ದಳು. ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಇನ್ನೂ ಕಲಿಯುತ್ತಿರುವ ಡಾಕ್ಟರು. ಅಲ್ಲಿ ಒಂದು ಪದ್ಧತಿ ಇದೆ. ರೋಗಿ ಬಾಗಿಲಿಗೆ ಬರುವ ಮೊದಲು ಏನೇನಾಗುತ್ತದೆ ಎಂದು ತಿಳಿಯಲಿ ಅಂತ ಕಲಿಯುವ ಡಾಕ್ಟರುಗಳನ್ನು ಕೆಲವು ದಿನ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ. ಆ ಸಲ ಗಾಡಿಯಮ್ಮನ ಗಾಡಿಗೆ ಬಿದ್ದವನು ಅವನೇ.

"ಅವನಿಗೆ ನೀವ್ಯಾರು ಅಂತ ಗೊತ್ತಿಲ್ಲ. ಹೇಳಿದ್ರೆ ಅವನು ಹೆದರಿ ಕಂಬ ಆಗ್ತಾನೆ" ಎಂದಳು ಮಗಳು. "ನೋಡಮ್ಮ. ನೋಡಿ ಹೇಳು. ನೀನು ಬೇಡ ಅಂದ್ರೆ ಬೇಡ."

"ನಾನು ಹೂಂ ಅಂದಾಯ್ತು" ಎಂದ ಅಪ್ಪ.

"ನಿಮ್ಮನ್ನ ಯಾರು ಕೇಳಿದ್ರು? ನೀವು ಕುರ್ಚಿ ಮುರಿದೋನಿಗೂ ಹೂಂ ಅಂದಿದ್ರಿ. ನಾಳೆ ಅವನ ಮುಂದೆ ಬಾಯಿ ಬಿಟ್ಟರೆ ಬಣ್ಣಗೇಡು, ನೆನಪಿರ್ಲಿ."

ಮರುದಿನ ಬೆಳಿಗ್ಗೆ ಹುಡುಗ ಬಂದ. ಉದ್ದಕ್ಕೆ ಬೆಳೆದಿದ್ದ, ಗಾಡಿಯ ಬಾಗಿಲಿಗೆ ಹಣೆ ಹೊಡೆಸಿಕೊಂಡೇ ಒಳಗೆ ಬಂದ. ಷರ್ಟಿನ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಮುಖದಲ್ಲಿ ನಗುವಿನ ಪಸೆಯೂ ಇಲ್ಲ. "ನಮಸ್ತೆ ಸಿಸ್ಟರ್" ಎಂದ. ಆಗಬಹುದಾದ ಅತ್ತೆಯನ್ನು ಸಿಸ್ಟರ್ ಎಂದದ್ದಕ್ಕೆ ಮುಂದಿನ ಸೀಟಿನಲ್ಲಿ ಯಾರಿಗೋ ಜೋರು ಕೆಮ್ಮು ಬಂತು.

"ಬನ್ನಿ ಡಾಕ್ಟ್ರೇ" ಎಂದು ಗಾಡಿಯಮ್ಮ ಸಿಲಿಂಡರ್, ಸ್ಟ್ರೆಚರ್, ಔಷಧಿ ಪೆಟ್ಟಿಗೆ ಎಲ್ಲ ತೋರಿಸಿದಳು, ಗೋಡೆಯ ಭಾಷೆಯನ್ನೂ ಹೇಳಿಕೊಟ್ಟಳು. ಅವನು ಪರೀಕ್ಷೆಗೆ ಓದುವವನ ಹಾಗೆ ತಲೆಯಾಡಿಸಿದ. ಒಂದು ಅಭ್ಯಾಸ ಆಕೆಯ ಕಣ್ಣಿಗೆ ಬಿತ್ತು. ಕೈ ಖಾಲಿ ಇದ್ದರೆ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ, ಮಂಡಿಯ ಮೇಲೆ, ಸೀಟಿನ ಮೇಲೆ, ಎಲ್ಲೆಂದರಲ್ಲಿ ತಾಳ ಹಾಕುತ್ತಿದ್ದವು. ಅದನ್ನು ಆಕೆ ದೊಡ್ಡದು ಮಾಡಲಿಲ್ಲ. ಆಕೆಗಿದ್ದದ್ದು ಒಂದೇ ಚಿಂತೆ. ಈ ಇಸ್ತ್ರಿ ಷರ್ಟಿನ ಮನೆಯಲ್ಲಿ ನನ್ನ ಮಗಳು ಬಾಯಿಗೆ ಕೈ ಅಡ್ಡ ಹಿಡಿದೇ ಬಾಳಬೇಕೇನೋ.

ಮೊದಲ ಕರೆ ಒಂದು ಶಾಲೆಯಿಂದ. ಹೆಡ್‌ಮಿಸ್ಸಿಗೆ ಮೀಟಿಂಗಿನಲ್ಲಿ ಆಕಳಿಕೆ ಬಂದಿದೆ, ಆಕಳಿಸಿದ್ದಾರೆ, ತೆರೆದ ಬಾಯಿ ಮತ್ತೆ ಮುಚ್ಚಿಲ್ಲ. ಲಕ್ವ ಹೊಡೆದಿದೆ ಎಂದು ಗಾಬರಿಯಾಗಿ ಫೋನ್ ಮಾಡಿದ್ದಾರೆ. ಹುಡುಗ ಮಹಡಿಗೆ ಓಡಿ, ಕೈ ಎತ್ತಿಸಿ, ಕಾಲು ಅಲ್ಲಾಡಿಸಿ ನೋಡಿ, "ಲಕ್ವ ಅಲ್ಲ, ದವಡೆ ಜಾರಿದೆ ಅಷ್ಟೆ" ಎಂದ. ಹೆಡ್‌ಮಿಸ್ "ಆಆ" ಎಂದರು. ಅಂದು ಅವರಿಂದ ಬಂದ ಎಲ್ಲ ಆಜ್ಞೆಗಳೂ ಅದೇ ಒಂದು ಅಕ್ಷರದಲ್ಲಿದ್ದವು.

ಅವರನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಮೇಷ್ಟ್ರುಗಳ ಜತೆ ಮೆಟ್ಟಿಲಿಳಿಸುವಾಗ ಗಾಡಿಯಮ್ಮ, "ಡಾಕ್ಟ್ರೇ, ನೀವು ಮುಂದೆ ಹೋಗಿ ಹಾಸಿಗೆ ಸರಿ ಮಾಡಿ" ಎಂದಳು. ಹುಡುಗ ಹೋದ. ಗೇಟಿನಲ್ಲಿ ಮಕ್ಕಳ ಸಂತೆ, ಒಂದೆರಡು ಆಗಲೇ ಗಾಡಿಯೊಳಗೆ ಹತ್ತಿದ್ದವು. ಅವುಗಳನ್ನು ಇಳಿಸಿ, ಹಿಂದಿನ ಬಾಗಿಲು ಎಳೆದುಕೊಂಡು, ಹಾಸಿಗೆ ಸರಿಮಾಡಿ, ಇನ್ನೇನು ಬರುತ್ತಾರೆ ಎಂದು ಕಾಯುತ್ತಾ ನಿಂತ. ಕೈ ಖಾಲಿಯಾಯಿತು. ಬೆರಳು ಎಲ್ಲಿಗೆ ಹೋಯಿತು ಎಂದು ಬೇರೆ ಹೇಳಬೇಕೆ? ಟಕ್ ಟಕ್.

ಗೋಡೆ ಹೊರಡು ಎಂದಿತು, ಗಂಡ ಹೊರಟ.

ಗಾಡಿಯಮ್ಮ ಗೇಟಿಗೆ ಬರುವುದಕ್ಕೂ ಸೈರನ್ ಹಾಕಿಕೊಂಡು ಗಾಡಿ ರಸ್ತೆಯ ತಿರುವಿನಲ್ಲಿ ಮಾಯವಾಗುವುದಕ್ಕೂ ಸರಿಹೋಯಿತು. ಒಳಗೆ ಹುಡುಗ ತನ್ನ ತಪ್ಪು ಗೊತ್ತಾಗಿ, ನಿಲ್ಲಿಸಲು ಗೋಡೆ ಬಡಿದನಂತೆ. ಒಂದೇ ಸಲ ತಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗಾಬರಿಯಲ್ಲಿ ಎರಡೂ ಮುಷ್ಟಿಯಿಂದ ದಬದಬ ಬಡಿದ. ಅಯ್ಯೋ ಹೆಡ್‌ಮಿಸ್ಸಿಗೆ ಜಾಸ್ತಿಯಾಯಿತು ಎಂದು ಗಂಡ ಸಿಗ್ನಲ್ಲನ್ನೂ ಲೆಕ್ಕಿಸದೆ ಹಾರಿಸಿಕೊಂಡು ಹೋದ. ಅವನು ಬಡಿದಷ್ಟೂ ಇವನು ಓಡಿಸಿದ, ಇವನು ಓಡಿಸಿದಷ್ಟೂ ಅವನು ಬಡಿದ. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ಓಡಿ ಬಂದವರು ಹಿಂದಿನ ಬಾಗಿಲು ತೆರೆದರೆ, ಒಳಗಿದ್ದದ್ದು ಬೆವರಿನಲ್ಲಿ ತೊಯ್ದ ತಮ್ಮದೇ ಡಾಕ್ಟರು.

ಇತ್ತ ಗೇಟಿನಲ್ಲಿ ಗಾಡಿಯಮ್ಮನಿಗೆ ತಲೆಯಿಂದ ಕಾಲಿನವರೆಗೆ ಉರಿ. ಪಕ್ಕದಲ್ಲಿ ಗಾಲಿ ಕುರ್ಚಿಯ ಮೇಲೆ ಬಾಯಿ ತೆರೆದ ಹೆಡ್‌ಮಿಸ್, ಸುತ್ತ ಇಡೀ ಶಾಲೆ. ಬೇರೆ ಗಾಡಿಗಾಗಿ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ, "ನಿಮ್ಮ ಗಾಡಿ ಆಸ್ಪತ್ರೆ ತಲುಪಿದೆಯಲ್ಲ, ನೀವು ಎಲ್ಲಿಂದ ಮಾತಾಡ್ತಿದ್ದೀರಿ?" ಎಂದರು. ಆಕೆ ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು. ಬೇಡ. ರೋಗಿಯನ್ನು ಬಿಟ್ಟು ಹೋದವನು ನಾಳೆ ಮಗಳನ್ನೂ ಬಿಟ್ಟು ಹೋದಾನು. ಈಗ ಬಂದು ಏನು ಹೇಳುತ್ತಾನೆ ಎಂಬುದೂ ಆಕೆಗೆ ಗೊತ್ತಿತ್ತು, ಡ್ರೈವರಿಗೆ ಬುದ್ಧಿ ಇಲ್ಲ ಎನ್ನುತ್ತಾನೆ.

ಗಾಡಿ ವಾಪಸ್ ಬಂತು. ಹುಡುಗ ಇಳಿದ. ಷರ್ಟಿನ ಗೆರೆ ಎಲ್ಲಿ ಹೋಯಿತೋ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದವು. ಅವನು ಹೆಡ್‌ಮಿಸ್ ಮುಂದೆ ಮಂಡಿಯೂರಿ ಕೂತ.

"ತಪ್ಪು ನಂದೇ ಮೇಡಂ, ಡ್ರೈವರದ್ದಲ್ಲ. ಆಸ್ಪತ್ರೆ ಹೇಗಿದೆ ಅಂತ ಮೊದಲು ನಾನೇ ಹೋಗಿ ನೋಡ್ಕೊಂಡು ಬಂದೆ. ಅಲ್ಲಿ ನನ್ನನ್ನೇ ಮಲಗಿಸ್ಕೊಳ್ಳೋದ್ರಲ್ಲಿದ್ರು. ನಾನು ಚೆನ್ನಾಗಿದ್ದೀನಂತೆ, ತಲೆ ಮಾತ್ರ ತೋರಿಸಬೇಕಂತೆ."

ಹೆಡ್‌ಮಿಸ್ಸಿನ ತೆರೆದ ಬಾಯಿಂದ "ಹಾ ಹಾ ಹಾ" ಎಂದು ನಗು ಹೊರಟಿತು, ಜತೆಗೆ ನೋವಿಗೆ ಕಣ್ಣೀರು. "ನಗಬೇಡಿ, ನಗಬೇಡಿ" ಎನ್ನುತ್ತಾ ಅವನೂ ನಗುತ್ತಿದ್ದ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಹೆಬ್ಬೆರಳುಗಳಿಗೆ ದಪ್ಪಗೆ ಬ್ಯಾಂಡೇಜ್ ಸುತ್ತಿ, ಹಿಂದಿನ ಹಲ್ಲುಗಳ ಮೇಲಿಟ್ಟು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದ. ಲೊಟಕ್ ಎಂದಿತು. ಬಾಯಿ ಮುಚ್ಚಿತು, ಹೆಬ್ಬೆರಳುಗಳ ಸಮೇತ.

"ಕ್ಲಾಸಿಗೆ ಹೋಗ್ರೋ" ಎಂದರು ಹೆಡ್‌ಮಿಸ್, ಹೆಬ್ಬೆರಳು ಬಿಟ್ಟ ಕೂಡಲೇ. ಮಕ್ಕಳಿಗೆ ಬಹಳ ಬೇಜಾರಾಯಿತು.

ಈ ಸಲ ರೋಗಿಯ ಸಮೇತವೇ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇಗೆ ಒಪ್ಪಿಸಿ, ಮೂವರೂ ಹೊರಗಿನ ಕಟ್ಟೆಯ ಮೇಲೆ ಟೀ ಹಿಡಿದು ಕೂತರು. ಗಾಡಿಯಮ್ಮನಿಗೆ ಮನಸ್ಸು ತೂಗುಯ್ಯಾಲೆ. ಪರರ ಮುಂದೆ ತನ್ನನ್ನೇ ಆಡಿಕೊಳ್ಳುವುದು ಒಂದು, ಮನೆಯವಳ ಎದುರು ಸೋಲುವುದು ಇನ್ನೊಂದು. ಹೊರಗೆ ನಗುತ್ತಾ ಮನೆಯಲ್ಲಿ ಗುರ್ರೆನ್ನುವ ಎಷ್ಟು ಗಂಡಸರನ್ನು ಆಕೆ ಕಂಡಿಲ್ಲ.

ಹುಡುಗನಿಗೆ ಫೋನ್ ಬಂತು. "ಹೂಂ, ಒಂದು ಕೇಸ್ ಆಯ್ತು" ಎಂದು ಶುರುಮಾಡಿ, ಪೂರ್ತಿ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಟಕ್ ಟಕ್ ಅಂದದ್ದು, ದಬದಬ ಬಡಿದದ್ದು, ಸ್ಟ್ರೆಚರಿನವರ ಮುಖ, ಹೆಬ್ಬೆರಳು. ಫೋನಿನಿಂದ ಮೂಗಿನ ಸಣ್ಣ ಸದ್ದು ಬಂತು. ಗಾಡಿಯಮ್ಮನಿಗೆ ಆ ಸದ್ದು ಗೊತ್ತು. ಈಗ ಭುಜ, ಈಗ ಹೊಟ್ಟೆ, ಈಗ ಕನ್ನಡಕದ ಅಂಗಡಿಯ ನೆಲ. ಹುಡುಗ ಫೋನನ್ನು ಕಿವಿಯಿಂದ ದೂರ ಹಿಡಿದ. ಮುಖ ಗಂಟಿಕ್ಕಲಿಲ್ಲ. ಟೀ ಆರಿಹೋಗುತ್ತಿದ್ದುದೂ ಅವನಿಗೆ ಗೊತ್ತಾಗಲಿಲ್ಲ. ನಗು ಬಿಕ್ಕಳಿಕೆಗೆ ಬರುತ್ತಿದ್ದಂತೆ ಮೆಲ್ಲಗೆ, "ಇನ್ನೂ ಸ್ವಲ್ಪ ಇದೆ, ಹೇಳ್ಲಾ? ಸಿಗ್ನಲ್ಲಿನಲ್ಲಿ ಒಬ್ಬ ಪೊಲೀಸು ನಮಗೆ ಸಲ್ಯೂಟ್ ಹೊಡೆದ" ಎಂದ. ನಗು ಮತ್ತೆ ಮೊದಲಿನಿಂದ ಶುರುವಾಯಿತು.

ಗಾಡಿಯಮ್ಮನ ಕಣ್ಣು ತುಂಬಿತು. ಆಕೆ ಕೈಚಾಚಿ ಆ ಫೋನು ಇಸಿದುಕೊಂಡಳು. ಹುಡುಗ ಕಕ್ಕಾಬಿಕ್ಕಿಯಾದ.

"ನಾನು ಕಣೇ, ಅಮ್ಮ. ಆಯ್ತು."

ಫೋನಿನಲ್ಲಿ ನಗು ನಿಂತಿತು. ಅದನ್ನು ಹಾಗೆ ಅರ್ಧಕ್ಕೇ ನಿಲ್ಲಿಸಲು ಈವರೆಗೆ ಯಾರಿಂದಲೂ ಆಗಿರಲಿಲ್ಲ. ಹುಡುಗ ಒಮ್ಮೆ ಆಕೆಯನ್ನು, ಒಮ್ಮೆ ಡ್ರೈವರನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು, ಆದರೂ ಕೇಳಿದ್ದು ಬೇರೆಯೇ.

"ಯಾಕೆ ಸುಮ್ಮನಾದ್ಳು?"

"ಅಳ್ತಿದ್ದಾಳೆ" ಎಂದು ಗಾಡಿಯಮ್ಮ ಫೋನನ್ನು ಅವನ ಕೈಗಿಟ್ಟಳು. "ಮಾತಾಡಿಸಪ್ಪ. ನೀನೇ ನಗಿಸು."