ಶ್ಯಾಮಲಾ ಮೇಡಂ ಕೇಳಿಸಿಕೊಂಡ ಉಳಿದರ್ಧಗಳು

ಬಂಗಾರಪೇಟೆ ಮತ್ತು ಕೆ.ಜಿ.ಎಫ್ ಸೀಮೆಯ ಸಿನಿಮಾ ವಿಮರ್ಶೆಯ ಚರಿತ್ರೆಯನ್ನು ಮುಂದೆ ಯಾರಾದರೂ ಪುಣ್ಯಾತ್ಮರು ಬರೆಯುವುದಾದರೆ, ಅದರ ಮೊದಲ ಅಧ್ಯಾಯದಲ್ಲಿ ಶ್ರೀಮತಿ ಶ್ಯಾಮಲಾ ಮೇಡಂ ಅವರ ಹೆಸರು ಇರಲೇಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅನುಮಾನವಿರುವುದು ಬೇರೆ ಕಡೆ. ಊರಿಗಾಂನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ, ಶನಿವಾರದ ಸಂಜೆಗಳಲ್ಲಿ ನಮ್ಮಂಥವರಿಗೆ ಸಿನಿಮಾ ನೋಡುವುದನ್ನೂ ಅದರ ಬಗ್ಗೆ ಬಾಯಿಬಿಟ್ಟು ಮಾತಾಡುವುದನ್ನೂ ಕಲಿಸಿದ ಈ ಹಿರಿಯರು, ತಮ್ಮ ಇಡೀ ಸೇವಾವಧಿಯಲ್ಲಿ ನಮ್ಮ ಸಂಘದಲ್ಲಿ ಒಂದೇ ಒಂದು ಸಿನಿಮಾವನ್ನೂ ಕೊನೆಯವರೆಗೆ ಕೂತು ನೋಡಿದವರಲ್ಲ. ಇಂಥವರನ್ನು ವಿಮರ್ಶಕಿ ಎನ್ನಬೇಕೋ ಮತ್ತೇನೆನ್ನಬೇಕೋ, ದೇವರಾಣೆ ನನಗೆ ತಿಳಿಯದು.

ಮೇಡಂ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರೂ ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಶ್ರೀ ಅಶ್ವತ್ಥಪ್ಪನವರು, "ಭಾಷೆ ಗಂಭೀರವಾಗಿರಲಿ ನರೇಶ, ನಿನ್ನ ಮದುವೆ ವಿಡಿಯೋ ಥರ ಮಾಡಿಬಿಡಬೇಡ" ಎಂದು ಎಚ್ಚರಿಸಿಯೇ ಈ ಕೆಲಸ ವಹಿಸಿದ್ದಾರೆ. ನಾನು ಮೇಡಂ ಅವರ ಹಳೆಯ ವಿದ್ಯಾರ್ಥಿ. ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆ ನಾಮಕರಣಗಳ ವಿಡಿಯೋ ತೆಗೆದು ಬದುಕುವವನು. ಹೋದ ವರ್ಷ ಧೈರ್ಯ ಮಾಡಿ ಒಂದು ಸಣ್ಣ ಸಿನಿಮಾ ತೆಗೆದೆ. ನಮ್ಮಪ್ಪನ ಕೊನೆಯ ದಿನದ ಸಿನಿಮಾ ಅದು. ಅದನ್ನು ಕೋಲಾರದ ಕಿರುಚಿತ್ರೋತ್ಸವಕ್ಕೆ ಕಳಿಸಬೇಕಾಗಿತ್ತು. ಅದು ಮೇಡಂ ಅವರಿಗೆ ಹಿಡಿಸಿತೋ ಇಲ್ಲವೋ, ಅದರ ಕೊನೆಯನ್ನು ಹಾಗೇ ಇಡಲೋ ಕಿತ್ತು ಬೇರೆ ಹಾಕಲೋ, ತಲೆಬುಡ ತಿಳಿಯದೆ ಒದ್ದಾಡುತ್ತಿರುವಾಗಲೇ ಈ ಲೇಖನ ಬರೆಯಲು ಕೂತೆ. ಹೊಗಳುವುದೂ ಸುಲಭದ ಕೆಲಸವಲ್ಲ ಸ್ವಾಮಿ.

ಮೇಡಂ ಅವರು ಬಂಗಾರಪೇಟೆಯವರು. ಗಣಿಗಳು ಇವತ್ತೋ ನಾಳೆಯೋ ಮುಚ್ಚುತ್ತವೆ ಎಂಬ ಮಾತು ಮನೆಮನೆಯಲ್ಲೂ ಹಬ್ಬಿದ್ದ ಕಾಲದಲ್ಲಿ ಅವರು ಊರಿಗಾಂ ಶಾಲೆಗೆ ಬಂದರು. ದಿನಾ ರೈಲಿನಲ್ಲಿ ಬಂದು ರೈಲಿನಲ್ಲೇ ಹಿಂತಿರುಗುತ್ತಿದ್ದರು. ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನ್ ಮನೆಗಳ ಹುಡುಗರು ಸಂಜೆಯ ಹೊತ್ತು ಎಲ್ಲೆಲ್ಲೋ ಅಲೆಯುವುದನ್ನು ಕಂಡು, ಪಾಳುಬಿದ್ದಿದ್ದ ಕಾರ್ಮಿಕರ ಕ್ಲಬ್ಬಿನ ಹಾಲಿನ ಬೀಗ ತೆಗೆಸಿ, ಟಿ.ವಿ. ಇಡಿಸಿ, ಶನಿವಾರದ ಸಿನಿಮಾ ಸಂಘವನ್ನು ಶುರುಮಾಡಿದರು. ಕನ್ನಡ, ತಮಿಳು, ತೆಲುಗು, ಯಾವುದಾದರೂ ಸರಿ. ಸಿನಿಮಾ ಅರ್ಧಕ್ಕೆ ಬಂದಾಗ ಬೋಂಡಾ, ಚಹಾ. ಚಹಾ ಮುಗಿಸಿ ನಾವು ಒಳಗೆ ಹೋಗುತ್ತಿದ್ದೆವು. ಮೇಡಂ ಚೀಲ ಹೆಗಲಿಗೇರಿಸಿ "ರೈಲಿಗೆ ಹೊತ್ತಾಯಿತು" ಎಂದು ಹೊರಟುಬಿಡುತ್ತಿದ್ದರು.

ಸೋಮವಾರ ಬೆಳಿಗ್ಗೆ ತರಗತಿಗೆ ಬಂದವರೇ, "ಯಾರು ಉಳಿದರ್ಧ ಒಪ್ಪಿಸ್ತೀರಿ?" ಎಂದು ಕೇಳುವರು. ಮಗ್ಗಿ ಒಪ್ಪಿಸಿದಂತೆಯೇ ನಿಂತು ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಅವರು ಆ ಸಿನಿಮಾದ ಬಗ್ಗೆ, ನಿರ್ದೇಶಕನ ಬಗ್ಗೆ ತಮ್ಮ ಅಭಿಪ್ರಾಯ ಹೇಳುವರು. ನಾವು ಶಾಲೆ ಬಿಟ್ಟು ದೊಡ್ಡವರಾದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಸೋಮವಾರದ ಬದಲು ಮುಂದಿನ ಶನಿವಾರ ಒಪ್ಪಿಸುತ್ತಿದ್ದೆವು, ಅಷ್ಟೆ.

ಇಲ್ಲಿಂದ ನನ್ನ ಗೊಂದಲ ಶುರು. ನಮ್ಮಲ್ಲಿ ಯಾರೂ ಉಳಿದರ್ಧವನ್ನು ಇದ್ದದ್ದು ಇದ್ದಂತೆ ಒಪ್ಪಿಸಿದವರಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿ ಡೈರಿಗೆ ಹಾಲು ಹಾಕುವ, ಸಂಘದ ಹಿರಿಯ ಸದಸ್ಯರಾದ ಸೊಣ್ಣಪ್ಪನವರಿಗೆ ನಾಯಕ ಸತ್ತರೆ ತಡೆಯದು. ಅವರ ಬಾಯಲ್ಲಿ ಆಂಬುಲೆನ್ಸು ಯಾವಾಗಲೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಬ್ಲೌಸು ಹೊಲಿಯುವ ಸೆಲ್ವಿಗೆ ಖಳನಾಯಕನ ಹೆಂಡತಿಯದೇ ಚಿಂತೆ. ಗಂಡ ಜೈಲಿಗೆ ಹೋದ ಮೇಲೆ ಆಕೆ ಟೈಲರಿಂಗ್ ಕಲಿತು ಮಕ್ಕಳನ್ನು ಓದಿಸಿದಳು ಎಂದೇ ಪ್ರತಿ ಸಿನಿಮಾವನ್ನೂ ಮುಗಿಸುವಳು. ನಾನು ಹಾಡುಗಳನ್ನೆಲ್ಲ ನುಂಗಿ ಹೊಡೆದಾಟ ಉದ್ದ ಮಾಡುತ್ತಿದ್ದೆ. ಊರಿಗೊಂದು ದಾರಿಯಾದರೆ ನಮಗೆ ಒಬ್ಬೊಬ್ಬರಿಗೂ ಒಂದೊಂದು ದಾರಿ. ಮೇಡಂ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು.

ಒಮ್ಮೆ ರಾಜ್ಯೋತ್ಸವದ ಸಭೆಯಲ್ಲಿ ಅವರು ಆಂಧ್ರದ ಕಡೆಯ ಒಬ್ಬ ದೊಡ್ಡ ನಿರ್ದೇಶಕರನ್ನು, ಹೆಣ್ಣುಮಕ್ಕಳ ಕಷ್ಟ ಅರಿತ ಮಹಾನುಭಾವ ಎಂದು, ಒಂದು ಸೀನನ್ನೂ ವಿವರಿಸಿ, ಬಹಳ ಹೊಗಳಿದರು. ಆ ಪುಣ್ಯಾತ್ಮನ ಸಿನಿಮಾದಲ್ಲಿ ಹೆಣ್ಣೆಂದರೆ ಎರಡು ಹಾಡು, ಒಂದು ಕಿರುಚಾಟ. ಸಭೆ ಮುಖಮುಖ ನೋಡಿಕೊಂಡಿತು. ಹಿಂದಿನ ಸಾಲಿನಿಂದ ಯಾರೋ ಎದ್ದು, "ಮೇಡಂ, ನೀವು ಹೇಳಿದ ಸೀನೇ ಅದರಲ್ಲಿ ಇಲ್ಲವಲ್ಲ!" ಎಂದರು. ಮೇಡಂ ಕನ್ನಡಕ ಸರಿಮಾಡಿಕೊಂಡು, "ನನಗೆ ತಲುಪಿದ ಸಿನಿಮಾದಲ್ಲಿ ಇದೆಯಪ್ಪ" ಎಂದು ಕೂತರು. ಸೆಲ್ವಿ ತಲೆತಗ್ಗಿಸಿಕೊಂಡು ಸೆರಗಿನ ಅಂಚು ಹಿಡಿದು ನಗುತ್ತಿದ್ದಳು. ಮೇಡಂಗೆ ನಮ್ಮ ಕಲಬೆರಕೆ ಗೊತ್ತಿತ್ತೋ ಇಲ್ಲವೋ ಎಂದು ನಾವು ಅವತ್ತಿನಿಂದ ಚರ್ಚೆ ಮಾಡುತ್ತಲೇ ಇದ್ದೇವೆ.

ಮತ್ತೊಂದು ವಿಚಾರ. ರೈಲು ತಪ್ಪಿದರೆ ಊರಿಗಾಂನಿಂದ ಬಂಗಾರಪೇಟೆಗೆ ಬಸ್ಸುಗಳಿಗೇನು ಬರವೇ? ಇಷ್ಟು ವರ್ಷ ಈ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ! ಹೊಳೆದ ಮೇಲೆ ಕೇಳಿದೆವು. ಮನೆಯಲ್ಲಿ ಅತ್ತೆಗೆ ಉಬ್ಬಸ, ಹೊತ್ತಿಗೆ ಊಟ ಕೊಡಬೇಕು ಎಂದು ನನಗೆ ಹೇಳಿದರು. ಕೊನೆಯ ಹೊಡೆದಾಟದ ಸದ್ದಿಗೆ ತಲೆನೋವು ಬರುತ್ತದೆ ಎಂದು ಸೆಲ್ವಿಗೆ ಹೇಳಿದರು. ಸೊಣ್ಣಪ್ಪನವರಿಗೆ, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂದರಂತೆ. ಮೂರೂ ನಿಜವಿರಬಹುದು, ಮೂರೂ ಸುಳ್ಳಿರಬಹುದು.

ಅವರು ನನಗೆ ಮಾಡಿದ ಉಪಕಾರವನ್ನು ಇಲ್ಲಿ ಹೇಳದಿದ್ದರೆ ನನ್ನ ಕೈ ಸೇದಿಹೋಗಲಿ. ನಮ್ಮಪ್ಪ ಕುಪ್ಪುಸ್ವಾಮಿ ಗಣಿಯೊಳಗೆ ಕೆಲಸಕ್ಕಿದ್ದವರು. ಗಣಿ ಮುಚ್ಚಿದ ಮೇಲೆ ಕೋರಮಂಡಲ್ ಲೈನಿನ ನಮ್ಮ ಮನೆಯ ಜಗಲಿಯಲ್ಲಿ ಗೋಡೆ ನೋಡುತ್ತ ಕೂತುಬಿಟ್ಟಿದ್ದರು, ಮಾತೇ ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ನಾನು ಹತ್ತನೆಯ ತರಗತಿಯ ಗಣಿತದಲ್ಲಿ ಢುಮ್ಕಿ ಹೊಡೆದೆ. ಮೇಡಂ ಮನೆಗೆ ಬಂದರು. ಅಮ್ಮ ಆದಿಲಕ್ಷ್ಮಮ್ಮ ಗಾಬರಿಯಿಂದ ಚಾಪೆ ಹಾಸಿದರು. ಮೇಡಂ ಗಣಿತದ ಸುದ್ದಿಯನ್ನೇ ಎತ್ತಲಿಲ್ಲ. "ನರೇಶ, ಶನಿವಾರದ ಸಿನಿಮಾ ಉಳಿದರ್ಧ ಒಪ್ಪಿಸು" ಎಂದರು. ನನಗೋ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಒಪ್ಪಿಸತೊಡಗಿದೆ. ಹೊಡೆದಾಟಕ್ಕೆ ಬಂದಾಗ ಗೋಡೆಯ ಕಡೆಯಿಂದ ದನಿ ಬಂತು: "ಡೇಯ್, ಸುಮ್ನೆ ಬುರುಡೆ ಬಿಡ್ಬೇಡ್ರಾ. ಅಲ್ಲಿ ಅವ್ನು ಹೊಡ್ಯಲ್ಲ, ಅಳ್ತಾನೆ." ಅಪ್ಪ ಆ ಸಿನಿಮಾವನ್ನು ಎಂದೋ ನೋಡಿದ್ದರು. ಆಮೇಲೆ ಉಳಿದದ್ದನ್ನು ಅವರೇ ಒಪ್ಪಿಸಿದರು, ಕೈಯಾಡಿಸುತ್ತ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಮಾರನೆಯ ವಾರದಿಂದ ಅಪ್ಪ ಬೆಂಗಳೂರಿಗೆ ರೈಲು ಹತ್ತಿದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಹಿಡಿದರು. ನಾನೂ ಗಣಿತ ಪಾಸಾದೆ, ಹೇಗೆ ಪಾಸಾದೆನೆಂಬುದು ಇನ್ನೊಂದು ಗೊಂದಲ.

ಈಚಿನ ವರ್ಷಗಳಲ್ಲಿ ಸಂಘದ ಚರ್ಚೆ ಇನ್ನೂ ಕಾವೇರಿತ್ತು. ಗಣಿಯ ಪುಡಿಮಣ್ಣು ಸುರಿದು ಎದ್ದ ನಮ್ಮ ಸೈನೈಡ್ ದಿಬ್ಬಗಳ ಮೇಲೆ ಈಗ ಎಲ್ಲ ಭಾಷೆಯ ನಾಯಕರೂ ಬಂದು ಗಡ್ಡ ಬಿಟ್ಟುಕೊಂಡು ಧೂಳೆಬ್ಬಿಸಿ ಹೋಗುತ್ತಾರಷ್ಟೆ. ಹೊಸ ನಿರ್ದೇಶಕರ ಕತ್ತಲೆಯ ಚಟ ಸೆಲ್ವಿಗೆ ಆಗಿಬರದು. "ಎಲ್ಲಾ ಸೀನೂ ಅಷ್ಟು ಇರುಟ್ಟು ನರೇಶಣ್ಣ, ಥಿಯೇಟರ್‌ನಲ್ಲಿ ಕರೆಂಟ್ ಪೋಚ್ಚು ಅಂತ ನಾನು ಎದ್ದೇ ನಿಂತ್ಕೊಂಡೆ" ಎನ್ನುವಳು. ಸೊಣ್ಣಪ್ಪನವರ ಸಿಟ್ಟು ಎರಡು ಭಾಗದ ಸಿನಿಮಾಗಳ ಮೇಲೆ. "ಅಲ್ಲ ಕಣ್ಲಾ, ಮೂರ್ ಗಂಟೆ ಕುಂಡ್ರಿಸ್ಬುಟ್ಟು, ಮಿಕ್ಕಿದ್ದು ಮುಂದಿನ್ ಭಾಗ್ದಾಗೆ ನೋಡ್ರಿ ಅಂತಾನಲ್ಲಾ, ಆ ಡೈರೆಕ್ಟ್ರುಗೆ ಏನ್ ಬಂದಿತ್ತು ರೋಗ? ನಾನು ಅಸ ಅರ್ಧ ಕರ್ದು ಎದ್ದು ಬಂದ್ರೆ ಸುಮ್ಕೆ ಬುಡ್ತದಾ?" ಮೇಡಂ ಅವರಿಗೆ ಅವತ್ತು ನಗು ತಡೆಯಲಾಗಲಿಲ್ಲ. "ನನ್ನ ಪಾಡು ಈಗ ನಿಮಗೂ ಬಂತಲ್ಲ" ಎಂದರು.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಕೆಲಸ ಮುಗಿಸಿ ರೈಲಿನಲ್ಲಿ ಬರುತ್ತಿದ್ದವರು ಕಿಟಕಿಗೆ ತಲೆಯಾನಿಸಿದ್ದರಂತೆ. ನಿದ್ದೆಯೆಂದು ಯಾರೂ ಎಬ್ಬಿಸಲಿಲ್ಲ. ನಾನು ಕೋರಮಂಡಲ್ ನಿಲ್ದಾಣದ ಹೊರಗೆ ಸ್ಕೂಟರ್ ಇಟ್ಟುಕೊಂಡು ಕಾಯುತ್ತಿದ್ದೆ. ರೈಲು ನಿಂತಿತು, ಜನ ಇಳಿದರು, ರೈಲು ಹೊರಟಿತು. ಅಪ್ಪ ಇಳಿಯಲಿಲ್ಲ. ಕೊನೆಯ ನಿಲ್ದಾಣ ಮಾರಿಕುಪ್ಪಂನಲ್ಲಿ ರೈಲು ಖಾಲಿಯಾದಾಗಲೇ ಗೊತ್ತಾದದ್ದು. ನನ್ನ ಸಿನಿಮಾ ಮುಗಿಯುವುದೂ ಅಲ್ಲೇ: ರೈಲು ಹೋಗುತ್ತದೆ, ಮಗ ಸ್ಕೂಟರ್ ಪಕ್ಕ ನಿಂತಿರುತ್ತಾನೆ.

ಮೇಡಂ ನಿವೃತ್ತರಾದ ನಂತರದ ಮೊದಲ ಶನಿವಾರ ಆ ಸಿನಿಮಾವನ್ನು ಸಂಘದಲ್ಲಿ ಹಾಕಿದೆ. ಇದ್ದದ್ದೇ ಮುಕ್ಕಾಲು ಗಂಟೆ. ಆದರೂ ಪದ್ಧತಿ ಬಿಡಬಾರದೆಂದು ಮಧ್ಯೆ ನಿಲ್ಲಿಸಿ ಬೋಂಡಾ ಕೊಟ್ಟೆವು. ಎಲ್ಲರ ಕಣ್ಣೂ ಮೇಡಂ ಅವರ ಚೀಲದ ಮೇಲೆ. ಅವರು ಚಹಾ ಕುಡಿದು, ಲೋಟ ಕೆಳಗಿಟ್ಟು, ಒಳಗೆ ಬಂದು ಕೂತರು! ಕೊನೆಯವರೆಗೂ ಕೂತರು. ದೀಪ ಹಾಕಿದ ಮೇಲೆ ಅವರು ಹೇಳಿದ್ದು ಒಂದೇ ಮಾತು:

"ಸರಿ ನರೇಶ, ಉಳಿದರ್ಧ ಒಪ್ಪಿಸು."

"ಮೇಡಂ, ಈಗ ತಾನೆ ನೀವೇ ನೋಡಿದ್ರಲ್ಲಾ!"

"ನೋಡ್ದೆ. ನೀನು ಒಪ್ಪಿಸು."

ಎದ್ದು ನಿಂತೆ. ರೈಲು ಬಂತು ಎಂದೆ, ನಿಂತಿತು ಎಂದೆ. ಆಮೇಲೆ ನನ್ನ ಬಾಯಿಂದ, "ಅಪ್ಪ ಇಳಿದ್ರು" ಎಂದು ಬಂತು. ಹೇಗೆ ಬಂತೋ ಕಾಣೆ. ಟಿಫನ್ ಬಾಕ್ಸ್ ನನ್ನ ಕೈಗೆ ಕೊಟ್ಟರು, ಸ್ಕೂಟರ್ ಬೇಡ ನಡೆದು ಬರ್ತೀನಿ ಅಂದರು, ಮನೆಗೆ ಹೋದರು ಎಂದು ಒಪ್ಪಿಸಿ ಕೂತೆ.

"ಹಂಗಾದ್ರೆ ಅದನ್ಯಾಕೆ ತೆಗೀಲಿಲ್ಲ?" ಎಂದು ಕೇಳಿ ಮೇಡಂ ಬಸ್ಸು ಹಿಡಿಯಲು ಹೋದರು.

ಅದು ಬೈಗುಳವೋ, ಸಲಹೆಯೋ? ಸಿನಿಮಾ ಹಿಡಿಸಲಿಲ್ಲವೆಂದೋ? ಒಂದು ವಾರ ನಿದ್ದೆಗೆಟ್ಟೆ. "ನಡೆದದ್ದು ನಡೆದ ಹಾಗೇ ಇರ್ಲಿ ಅಣ್ಣ, ಅಪ್ಪನ ವಿಷಯ್ದಲ್ಲಿ ಪೊಯ್ ಬೇಡ, ಸುಳ್ಳು ಬೇಡ" ಎಂದಳು ಸೆಲ್ವಿ, ಬಾಯಿಗೆ ಬಂದಂತೆ ಕೊನೆಗಳನ್ನು ಹೊಲಿದವಳು! "ಇಳಿಸ್ಲಾ ಅವುನ್ನ. ಇಳಿಸ್ದ್ರೆ ನಿನ್ ಗಂಟೇನ್ ಓಗ್ತದೆ?" ಎಂದರು ಸೊಣ್ಣಪ್ಪ. ಮೇಡಂಗೆ ಫೋನು ಮಾಡಿದರೆ, "ಸಿನಿಮಾ ನಂದಾ ನಿಂದಾ?" ಎಂದರು.

ಕಡೆಗೆ ಹೋದ ಭಾನುವಾರ ಸಂಜೆ ಕೋರಮಂಡಲ್ ನಿಲ್ದಾಣದ ಹೊರಗಿನ ರಸ್ತೆಯಲ್ಲಿ ಕ್ಯಾಮೆರಾ ಹೂಡಿದೆ. ಅಪ್ಪನ ಸೆಕ್ಯೂರಿಟಿ ಯೂನಿಫಾರ್ಮನ್ನು ಅಮ್ಮನೇ ಇಸ್ತ್ರಿ ಮಾಡಿ ಕೊಟ್ಟಿದ್ದರು. ಅದನ್ನು ತೊಟ್ಟು ಸೊಣ್ಣಪ್ಪ ಬಂಗಾರಪೇಟೆಯಿಂದ ಅಪ್ಪ ಬರುತ್ತಿದ್ದ ರೈಲಿನಲ್ಲೇ ಬಂದರು. ಮೇಡಂ ನನ್ನ ಹಿಂದೆ ನಿಂತಿದ್ದರು. ಸೊಣ್ಣಪ್ಪ ನಿಲ್ದಾಣದಿಂದ ಹೊರಬಂದು, ಕ್ಯಾಮೆರಾ ದಾಟಿ, ನಾಲ್ಕು ಹೆಜ್ಜೆ ಹೋದರು. ನಾನು ಅಂದುಕೊಂಡಿದ್ದ ಶಾಟ್ ಅಷ್ಟೆ. ನಿಲ್ಲಿಸಲು ಕೈ ಎತ್ತಿದೆ.

"ಇನ್ನೂ ಸ್ವಲ್ಪ ಬಿಡು," ಎಂದರು ಮೇಡಂ, "ಮನೆ ಮುಟ್ಲಿ."

ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು ಸೊಣ್ಣಪ್ಪನವರ ಹಿಂದೆ ನಡೆದೆ. ಲೈನಿನ ಜನ ನೋಡುತ್ತ ನಿಂತರು. ನಮ್ಮ ಮನೆಯ ಬಾಗಿಲು ತೆರೆದಿತ್ತು. ಅಮ್ಮ ಹೊರಗೆ ಬಂದು, ಆ ಯೂನಿಫಾರ್ಮನ್ನು ಮೇಲಿನಿಂದ ಕೆಳಗೆ ನೋಡಿ, "ಏನು ಇವತ್ತು ಇಷ್ಟು ಲೇಟು?" ಎಂದರು. ಹೀಗೆ ಹೇಳಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಅಮ್ಮ ನಟಿಸಿದರೋ, ಒಂದು ಗಳಿಗೆ ಮರೆತರೋ, ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಸೊಣ್ಣಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು.

ಈಗ ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದ್ದೇನೆ: ರೈಲು ಅಪ್ಪನನ್ನು ಇಳಿಸದೆ ಹೋಗುತ್ತದೆ, ಆಮೇಲೆ ಅಪ್ಪ ನಡೆದು ಮನೆಗೆ ಬರುತ್ತಾರೆ. ಹಾಗೇ ಕೋಲಾರಕ್ಕೆ ಕಳಿಸಿದೆ. ನೋಡಿದವರಿಗೆ ಗೊಂದಲವಾಗುತ್ತದೆ ಎಂದಳು ಸೆಲ್ವಿ. ಆಗಲಿ, ನನಗೆ ಆಗಿಲ್ಲವೇ?

ಇದು ಸರಿಯೋ ತಪ್ಪೋ ಮೇಡಂ ಇನ್ನೂ ಹೇಳಿಲ್ಲ; ಹೇಳುವವರೂ ಅಲ್ಲ. ಭಗವಂತ ಅವರಿಗೆ ಆಯಸ್ಸನ್ನೂ ಗಟ್ಟಿ ಕಣ್ಣು ಕಿವಿಗಳನ್ನೂ ಕೊಡಲಿ. ಶನಿವಾರದ ಹಾಲಿನಲ್ಲಿ ಅವರ ಕುರ್ಚಿ ಬಹುಕಾಲ ತುಂಬಿರಲಿ. ಒಪ್ಪಿಸುವವರು ಎಷ್ಟೇ ಬುರುಡೆ ಬಿಟ್ಟರೂ ಕೇಳಿಸಿಕೊಳ್ಳುವ ತಾಳ್ಮೆ ಅವರಲ್ಲಿ ಬತ್ತದಿರಲಿ. ಅವರನ್ನು ಏನೆಂದು ಕರೆಯಬೇಕೋ ಲೇಖನ ಮುಗಿಯುತ್ತ ಬಂದರೂ ನನಗೆ ಗೊತ್ತಾಗಲಿಲ್ಲ. ನಮ್ಮಪ್ಪನನ್ನು ಮನೆ ಮುಟ್ಟಿಸಿದವರು ಅವರು.